ಸುಣ್ಣ ಬಳಿಯುವ ಮುನ್ನ

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಅಂಗಡಿಗಳಿಗೆ ಒಂದೇ ನಡುಗೋಡೆ. ಈಚೆ ಕಡೆ ನನ್ನ ಜೆರಾಕ್ಸ್ ಅಂಗಡಿ, ಆಚೆ ಕಡೆ ಷಣ್ಮುಖಪ್ಪನ ಫೋಟೋ ಸ್ಟುಡಿಯೋ. ಇದ್ದದ್ದನ್ನು ಇದ್ದ ಹಾಗೇ ತೆಗೆದುಕೊಡುವುದು ನನ್ನ ಕಸುಬು. ಇದ್ದದ್ದನ್ನು ಇದ್ದ ಹಾಗೆ ಬಿಡದಿರುವುದು ಅವನದು. ಇಪ್ಪತ್ತು ವರ್ಷದಿಂದ ಇದೇ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಹಾಗಾಗಿ ಷಣ್ಮುಖಣ್ಣ ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಅವನೂ ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಅವನ ಸ್ಟುಡಿಯೋದಲ್ಲಿ ಒಂದು ಕನ್ನಡಿ, ದಾರ ಕಟ್ಟಿ ನೇತುಹಾಕಿದ ಒಂದು ಬಾಚಣಿಗೆ, ಒಂದು ಕರೀ ಕೋಟು. ಕೋಟು ಎಲ್ಲರಿಗೂ ಒಂದೇ. ದಪ್ಪಗಿದ್ದವರಿಗೆ ಮುಂದಿನಿಂದಷ್ಟೇ ತೊಡಿಸುತ್ತಾನೆ, ಸಣ್ಣಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ ಹಾಕುತ್ತಾನೆ. ತರೀಕೆರೆಯ ಅರ್ಧ ಗಂಡಸರು ಸರ್ಕಾರಿ ದಾಖಲೆಗಳಲ್ಲಿ ಇವತ್ತಿಗೂ ಅದೇ ಕೋಟಿನಲ್ಲಿದ್ದಾರೆ. ಕಂಪ್ಯೂಟರ್ ಬಂದ ಮೇಲಂತೂ ಅವನನ್ನು ಹಿಡಿಯುವವರೇ ಇಲ್ಲ. ಮಚ್ಚೆ ಅಳಿಸಿದ, ಬೋಳು ತಲೆಗೆ ಕೂದಲು ಕೊಟ್ಟ, ನೆಟ್ಟಗಿಲ್ಲದ ಹಲ್ಲನ್ನು ನೆಟ್ಟಗೆ ನಿಲ್ಲಿಸಿದ. ಒಮ್ಮೆ ಸಖರಾಯಪಟ್ಟಣದಿಂದ ಹೆಣ್ಣು ನೋಡಲು ಬಂದವರು, ಎದುರಿಗೇ ಹುಡುಗಿ ಕೂತಿದ್ದರೂ ಅವನು ತೆಗೆದ ಫೋಟೋವನ್ನು ಕೈಯಲ್ಲಿ ಹಿಡಿದುಕೊಂಡು, ಹುಡುಗಿಯನ್ನು ಯಾವಾಗ ಕರೆಸುತ್ತೀರಿ ಎಂದು ಕೇಳಿದ್ದರು. ಮದುವೆಯೇನೋ ಆಯಿತು, ಅದು ಬೇರೆ ಮಾತು.

ಹೊರಗೆ ಹೋಗಿ ಫೋಟೋ ತೆಗೆಯಬೇಕಾದರೆ ಮೊದಲೇ ಒಮ್ಮೆ ಹೋಗಿ ಜಾಗ ನೋಡಿಕೊಂಡು ಬರುತ್ತಾನೆ. ಹೊರಡುವಾಗ ಒಂದು ಮಾತು ಹೇಳಿಯೇ ಹೊರಡುತ್ತಾನೆ: "ಎಲ್ಲ ಸ್ವಲ್ಪ ನೀಟಾಗಿ ಮಾಡಿಟ್ಟಿರಿ." ನಾಮಕರಣಕ್ಕೂ ಇದೇ ಮಾತು, ಗೃಹಪ್ರವೇಶಕ್ಕೂ ಇದೇ ಮಾತು. ಅವರ ಜನದಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೊನೆಯ ಫೋಟೋ ತೆಗೆಸುವುದುಂಟು. ಅಲ್ಲಿಯೂ ಅಳುವವರನ್ನು ಪಕ್ಕಕ್ಕೆ ಸರಿಸಿ, "ಗದ್ದ ಒಂಚೂರು ಮೇಲೆ" ಎಂದಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಯಾರಿಗೆ ಹೇಳಿದ ಎಂಬುದು ನನಗಿನ್ನೂ ಗೊತ್ತಾಗಿಲ್ಲ.

ಇಂಥವನಿಗೆ ಇದ್ದದ್ದು ಒಂದೇ ಕೊರಗು. ಮೂವತ್ತೈದು ವರ್ಷ ಫೋಟೋ ತೆಗೆದರೂ ಒಂದರ ಕೆಳಗೂ ಅವನ ಹೆಸರು ಅಚ್ಚಾಗಿರಲಿಲ್ಲ. ಫೋಟೋದ ಹಿಂದೆ ನೇರಳೆ ಮಸಿಯ ಸೀಲು ಹೊಡೆಯುತ್ತಾನೆ ನಿಜ, ಆದರೆ ಫ್ರೇಮ್ ಹಾಕಿಸಿದ ದಿನವೇ ಅದು ಗೋಡೆಯ ಪಾಲು. ಬಹಳ ಹಿಂದೆ ಕೆರೆ ಕೋಡಿ ಬಿದ್ದಾಗ ನೋಡಲು ನೆರೆದ ಜನರನ್ನು ಅವನು ತೆಗೆದ ಚಿತ್ರ ಪತ್ರಿಕೆಯೊಂದರಲ್ಲಿ ಬಂತು, ಕೆಳಗೆ ಯಾರ ಹೆಸರೂ ಇರಲಿಲ್ಲ. ಅವತ್ತು ಒಂದೇ ಪತ್ರಿಕೆಯ ಹತ್ತು ಪ್ರತಿ ಕೊಂಡು ತಂದಿದ್ದ, ಯಾವುದಾದರೂ ಒಂದರಲ್ಲಿ ಇದ್ದೀತು ಎಂದು. ಅವನ ಹೆಂಡತಿ ಕಾಂತಮ್ಮ ಈಗಲೂ ಜಗಳದ ಕೊನೆಗೆ ಆ ಹತ್ತು ಪತ್ರಿಕೆಯನ್ನು ಎತ್ತಿ ಆಡುತ್ತಾರೆ. ಆಗ ಅವನು ಊಟ ಅರ್ಧಕ್ಕೆ ಬಿಟ್ಟು ಸ್ಟುಡಿಯೋಗೆ ಬಂದು ಕೂರುತ್ತಾನೆ.

ಹೋದ ಡಿಸೆಂಬರಿನಲ್ಲಿ ಪ್ರಜ್ಞಾ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. ಕಡೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವವಳು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹಳೆಯ ಕಲ್ಲುಗಳ ಮೇಲೆ ಪುಸ್ತಕ ಬರೆದಿದ್ದಳು. ಜನವರಿ ಕೊನೆಗೆ ಅದು ಅಚ್ಚಿಗೆ ಹೋಗಬೇಕಿತ್ತು. ಉಳಿದೆಲ್ಲ ಚಿತ್ರಗಳೂ ಸಿದ್ಧವಾಗಿ, ಮೊದಲನೆಯ ಅಧ್ಯಾಯದ ಚಿತ್ರವೇ ಬಾಕಿ. ಆ ಕಲ್ಲು ಲಿಂಗದಹಳ್ಳಿ ದಾಟಿ ನಾಲ್ಕು ಮೈಲಿ ಹೋದರೆ ಸಿಗುವ ಗುಡ್ಡದ ನೆತ್ತಿಯ ಮೇಲಿತ್ತು. ಬೇರೆ ಚಿತ್ರ ತೆಗೆದಿದ್ದ ಶಿವಮೊಗ್ಗದ ಫೋಟೋಗ್ರಾಫರ್ ದೂರದ ರಸ್ತೆಯಲ್ಲೇ ನಿಂತು ಒಮ್ಮೆ ಗುಡ್ಡದ ಮೇಲೆ ನೋಡಿ, ಮಂಡಿ ನೋವು ಎಂದು ಹಿಂದಿರುಗಿದ್ದನಂತೆ.

ಊರವರು ಅದನ್ನು ಪಾಂಡವರ ಮನೆ ಎನ್ನುತ್ತಾರೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೊದಿಸಿದ್ದಾರೆ. ಎದುರಿನ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ, ಎರಡು ಮೂರು ಸಾವಿರ ವರ್ಷದ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ್ದು ಎಂದು ಪ್ರಜ್ಞಾ ಬಿಡಿಸಿ ಹೇಳಿದಳು. ಅವಳ ಅಜ್ಜಿ ಹುಲಿಯಮ್ಮ ಆ ಗುಡ್ಡದ ಬುಡದ ಬೀದಿಯಲ್ಲೇ ಇದ್ದಾಳೆ. ಪ್ರಜ್ಞಾ ಚಿಕ್ಕವಳಿದ್ದಾಗ ಮಳೆ ಬಂದರೆ ಅಜ್ಜಿ, ಮೊಮ್ಮಗಳು, ಆಡುಗಳು ಎಲ್ಲರೂ ಅದರ ಮುರಿದ ಬದಿಯಿಂದ ಒಳಗೆ ನುಗ್ಗುತ್ತಿದ್ದರು. ಅದಕ್ಕೇ ಪುಸ್ತಕ ಅಲ್ಲಿಂದಲೇ ಶುರುವಾಗಬೇಕು. ಅವಳು ಕೇಳಿದ್ದು ಇಷ್ಟೇ: ಪಾಚಿ, ಕಲೆ, ಬಿರುಕು ಏನನ್ನೂ ಬಿಡದೆ ಕಲ್ಲು ಹೇಗಿದೆಯೋ ಹಾಗೇ ಬರಬೇಕು. ಚಿತ್ರದ ಕೆಳಗೆ ತೆಗೆದವರ ಹೆಸರು ಹಾಕುತ್ತೇವೆ.

ಷಣ್ಮುಖಣ್ಣನಿಗೆ ಕೊನೆಯ ಮಾತು ಬಿಟ್ಟು ಬೇರೇನೂ ಕೇಳಿಸಿದಂತೆ ಕಾಣಲಿಲ್ಲ.

"ಕೆಳಗೇನಾ ಮೇಡಂ? ಹಿಂದುಗಡೆ ಅಲ್ವಲ್ಲ?" ಎಂದ.

ಜಾಗ ನೋಡಲು ನಾವಿಬ್ಬರೇ ಹೋದೆವು. ಪ್ರಜ್ಞಾಗೆ ಪರೀಕ್ಷೆ ಕೆಲಸವಿತ್ತು. ಮೊಪೆಡ್ಡಿನ ಹಿಂದೆ ನಾನು, ನನ್ನ ಹೆಗಲ ಮೇಲೆ ನೊಗದ ಹಾಗೆ ಅಡ್ಡಲಾಗಿ ಟ್ರೈಪಾಡು. ಮಾಗಿಯ ಚಳಿಗೆ ಕಿವಿ ಇದೆಯೋ ಬಿದ್ದುಹೋಯಿತೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ. ಬೆಳಗಿನ ಬೆಳಕೇ ಬೆಳಕು ಎಂದು ಅವನ ಹಟ. ಗುಡ್ಡದ ಬುಡದಲ್ಲಿ ಹುಲಿಯಮ್ಮ ಕಾದಿದ್ದಳು. ಎಪ್ಪತ್ತೈದು ದಾಟಿದ ಜೀವ, ಸೀರೆಯ ಮೇಲೆ ಮಗನದೋ ಯಾರದೋ ಸ್ವೆಟರು, ತಲೆಗೆ ಟವೆಲ್ಲು. ಆಡುಗಳನ್ನು ಹೊಡೆದುಕೊಂಡು, ಊರಿನ ವರ್ತಮಾನ ಹೇಳಿಕೊಂಡು ಮುಂದೆ ಹತ್ತಿದಳು. ನಾವು ಏದುಸಿರಿನಲ್ಲೇ ಹೂಂಗುಟ್ಟುತ್ತಾ ಹಿಂದೆ ನಡೆದೆವು.

ಮೇಲೆ ಮಂಜು ತೆಳ್ಳಗಾಗುತ್ತಿತ್ತು. ಕಲ್ಲು ಇತ್ತು. ಬೂದಿ ಬಣ್ಣ, ಹಸಿರು, ಅಲ್ಲಲ್ಲಿ ಕಿತ್ತಳೆ ಬಣ್ಣದ ಪಾಚಿಯ ಮಚ್ಚೆ, ಹಕ್ಕಿಗಳು ಮಾಡಿಟ್ಟ ಗೆರೆ. ನೆತ್ತಿಯ ಹಾಸುಗಲ್ಲಿನ ಮೇಲೆ ಒಂದು ಆಡು ಆಗಲೇ ಹತ್ತಿ ನಿಂತಿತ್ತು. ನನಗೆ ಮೈ ಜುಮ್ಮೆಂದಿತು. ಷಣ್ಮುಖಣ್ಣ ಒಂದು ಸುತ್ತು ಹಾಕಿ ಬಂದು ಸಪ್ಪೆ ಮುಖ ಮಾಡಿದ.

"ಇದ್ರಲ್ಲಿ ಯಾರೂ ಇಲ್ವಲ್ಲೋ ಆನಂದ. ಫೋಕಸ್ ಎಲ್ಲಿಗೆ ಮಾಡಾನ?"

ನಿಜವೇ. ಮೂವತ್ತೈದು ವರ್ಷದಲ್ಲಿ ಮನುಷ್ಯರಿಲ್ಲದ ಫೋಟೋವನ್ನು ಅವನು ತೆಗೆದವನೇ ಅಲ್ಲ. ಮುಖವಿಲ್ಲದಿದ್ದರೆ ಕೈ ಓಡುವುದಿಲ್ಲ. ಹಾಗಾಗಿ ಹುಲಿಯಮ್ಮನನ್ನು ಕಿಂಡಿಯ ಪಕ್ಕ ಕೂರು ಎಂದ. ಅವಳು ಸುತರಾಂ ಒಪ್ಪಲಿಲ್ಲ.

"ಇಂಗೇ ತೆಗೀಬ್ಯಾಡ ಕಣಪ್ಪ. ತಲೆ ಬಾಚಿಲ್ಲ, ಸ್ವೆಟರ್ ಹರ್ದೈತೆ. ಕಲ್ಲೂ ಗಲೀಜಾಗೈತೆ."

"ಬೆಳಕು ನೋಡಕ್ಕಷ್ಟೇ ಕಣಮ್ಮ. ಇದನ್ನ ಯಾರಿಗೂ ತೋರ್ಸಲ್ಲ, ನನ್ನಾಣೆ."

ಆಣೆ ಇಟ್ಟ ಮೇಲೆ ಕೂತಳು. ಕೂತು, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈಯಿಂದ ಪಕ್ಕದ ಚಪ್ಪಡಿಯನ್ನು ಮನೆಯ ಬಾಗಿಲುಪಟ್ಟಿಯ ಹಾಗೆ ಹಿಡಿದುಕೊಂಡು, ಬೇಗ ಮುಗಿಸು ಎಂಬಂತೆ ನೋಡಿದಳು. ಅವನು ಒಂದೇ ಒಂದು ಚಿತ್ರ ತೆಗೆದ. ಬೆಳಕು ಚೆನ್ನಾಗಿದೆ, ಬರುವ ಭಾನುವಾರ ಇದೇ ಹೊತ್ತಿಗೆ ಪ್ರಜ್ಞಾಳನ್ನೂ ಕರೆದುಕೊಂಡು ಬಂದು ಅಸಲಿ ಫೋಟೋ ತೆಗೆಯುತ್ತೇನೆ ಎಂದ. ಇಳಿಯುವಾಗ ಹಿಂದೆ ತಿರುಗಿ ಅದೇ ಮಾತು ಹೇಳಿದ: "ಎಲ್ಲ ಸ್ವಲ್ಪ ನೀಟಾಗಿ ಮಾಡಿಟ್ಟಿರಿ." ನಾನು ಪಕ್ಕದಲ್ಲೇ ಇದ್ದೆ. ದಿನಾ ಕೇಳುವ ಮಾತಾದ್ದರಿಂದ ಕಿವಿಗೇ ಹೋಗಲಿಲ್ಲ, ಅಷ್ಟರ ಮಟ್ಟಿಗೆ ತಪ್ಪು ನನ್ನದೂ ಇದೆ.

ಭಾನುವಾರ ಪ್ರಜ್ಞಾ ಕಡೂರಿನಿಂದ ಬಸ್ಸಿನಲ್ಲಿ ಬಂದು ಲಿಂಗದಹಳ್ಳಿಯಲ್ಲಿ ನಮ್ಮನ್ನು ಕೂಡಿಕೊಂಡಳು. ಅಜ್ಜಿ ಬುಡದಲ್ಲಿ ಇರಲಿಲ್ಲ. ಆಗಲೇ ಮೇಲೆ ಹೋಗಿದ್ದಾಳೆ ಎಂದು ಬೀದಿಯವರು ಹೇಳಿದರು, ಹೇಳಿ ನಕ್ಕರು. ಹತ್ತಿದೆವು. ನೆತ್ತಿ ಹತ್ತಿರವಾಗುತ್ತಿದ್ದಂತೆ ಮಂಜಿನೊಳಗೆ ಮಂಜಿಗಿಂತ ಬೆಳ್ಳಗೆ ಏನೋ ಕಂಡಿತು.

ಹುಲಿಯಮ್ಮ ಕಲ್ಲಿಗೆ ಸುಣ್ಣ ಬಳಿದಿದ್ದಳು. ಬರೀ ಸುಣ್ಣವಲ್ಲ, ಎರಡು ಕೋಟು. ಕೆಳಗಡೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ, ಕಿಂಡಿಯ ಸುತ್ತ ಕೆಮ್ಮಣ್ಣಿನದೇ ಬಳೆ, ಹಾಸುಗಲ್ಲಿನ ಅಂಚಿಗೆ ಮಾವಿನೆಲೆಯ ತೋರಣ, ಮುಂದೆ ಸಾರಿಸಿ ರಂಗೋಲಿ. ಎರಡು ದಿನ ಕೊಡದಲ್ಲಿ ನೀರು ಹೊತ್ತು ತಿಕ್ಕಿದ್ದಳಂತೆ. ಪಕ್ಕದಲ್ಲಿ ಅವಳೇ, ಮಡಿಕೆ ಮುರಿಯದ ಹಸಿರು ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಸೇವಂತಿಗೆ ಮುಡಿದು ನಿಂತಿದ್ದಳು. ಒಂದು ಆಡಿನ ಕೊಂಬಿಗೂ ಕೆಮ್ಮಣ್ಣು ತಾಗಿತ್ತು, ಅದು ಬೇಕೆಂದೇ ಬಳಿದದ್ದೋ ಏನೋ ತಿಳಿಯದು.

ಪ್ರಜ್ಞಾ ಒಂದು ಬಂಡೆಯ ಮೇಲೆ ಕೂತುಬಿಟ್ಟಳು. ಆಮೇಲೆ ಮೆಲ್ಲಗೆ, ಯಾಕಜ್ಜಿ ಎಂದು ಕೇಳಿದಳು. ಹುಲಿಯಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಫೋಟೋದೋರೇ ಅಂದ್ರಲ್ಲ, ನೀಟಾಗಿ ಮಾಡಿಡು ಅಂತ. ನಮ್ ಬೀದಿ ಕಡೀಕೆ ಇಲ್ಲಿಗಂಟ ಒಬ್ಬ ಫೋಟೋದೋನು ಕಾಲಿಟ್ಟಿರ್ಲಿಲ್ಲ ಕಣಮ್ಮಿ. ಬತ್ತೀನಿ ಅಂದ್ಮೇಲೆ ಹಂಗೇ ಬಿಡಕಾಯ್ತದಾ?"

ಪ್ರಜ್ಞಾ ಷಣ್ಮುಖಣ್ಣನನ್ನು ನೋಡಿದಳು. ಗುಂಪಿನಲ್ಲಿ ಗೋವಿಂದ ಎಂದು ನಾನೂ ನೋಡಿದೆ. ಅವನು ಕ್ಯಾಮೆರಾದ ಲೆನ್ಸನ್ನು ಒರೆಸುತ್ತಲೇ ಇದ್ದ, ಅದು ಸವೆದುಹೋಗುವಷ್ಟು.

ತೊಳೆದರಾಗದೇ ಎಂದು ನಾನು ಬಾಯಿ ಹಾಕಿದೆ. ತಿಕ್ಕಿ ತೊಳೆದರೆ ಉಳಿದ ಪಾಚಿಯೂ ಹೋಗುತ್ತದೆ, ಕಲ್ಲೂ ಕೆರೆಯುತ್ತದೆ, ಎರಡು ಮೂರು ಮಳೆಗಾಲ ಬಿದ್ದು ತಾನಾಗಿ ಹೋಗಬೇಕು ಎಂದಳು ಪ್ರಜ್ಞಾ. ಅವಳ ಹಳೇ ಫೋನಿನಲ್ಲಿದ್ದ ಚಿತ್ರಗಳು ಅಚ್ಚಿಗೆ ಸಾಲುವಂಥವಲ್ಲ. ಪುಸ್ತಕದ ಮೊದಲ ಅಧ್ಯಾಯಕ್ಕೆ ಇನ್ನು ಚಿತ್ರವಿಲ್ಲ. ಅಜ್ಜಿಗೆ ಮಾತ್ರ ಅವಳು ಒಂದು ಮಾತೂ ಬೈಯಲಿಲ್ಲ. ಚೆನ್ನಾಗಿದೆ ಅಜ್ಜಿ ಎಂದಳು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು. ನನಗೆ ಆಗ ಷಣ್ಮುಖಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಟ್ರೈಪಾಡನ್ನು ಎರಡು ಸಲ ಹೊತ್ತು ಹತ್ತಿದವನು ನಾನು.

ಷಣ್ಮುಖಣ್ಣ ಬಿಳೀ ಮನೆಯ ಮುಂದೆ ಹುಲಿಯಮ್ಮನನ್ನು ನಿಲ್ಲಿಸಿ, ಕೂರಿಸಿ, ಆಡಿನ ಜೊತೆ, ಮೊಮ್ಮಗಳ ಜೊತೆ ಇಪ್ಪತ್ತು ಫೋಟೋ ತೆಗೆದ. ಆಮೇಲೆ ಅವಳನ್ನು ಮೆಚ್ಚಿಸಲು ಚೀಲದಿಂದ ಒಂದು ಫ್ರೇಮ್ ತೆಗೆದು ಕೈಗಿಟ್ಟ. ಮೊದಲ ದಿನ ತೆಗೆದದ್ದರಿಂದ ಮಾಡಿದ್ದು. ಕಂಪ್ಯೂಟರಿನಲ್ಲಿ ಅವಳನ್ನಷ್ಟೇ ಕತ್ತರಿಸಿ ಅರಮನೆಯ ಅಮೃತಶಿಲೆ ಮೆಟ್ಟಿಲಿನ ಮೇಲೆ ಕೂರಿಸಿದ್ದ. ಸ್ವೆಟರಿನ ತೂತು ಮುಚ್ಚಿತ್ತು, ಟವೆಲ್ಲಿನ ಜಾಗಕ್ಕೆ ಕೂದಲು ಬಂದಿತ್ತು. ಹುಲಿಯಮ್ಮ ಅದನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿ, ನಾನು ಇಲ್ಲಿಗೆ ಯಾವಾಗ ಹೋಗಿದ್ದೆ ಎಂದು ಕೇಳಿದಳು.

ಪ್ರಜ್ಞಾಳ ಕಣ್ಣು ಅದೇ ಫೋಟೋದ ಬೇರೊಂದು ಕಡೆ ನೆಟ್ಟಿತ್ತು. ಅಜ್ಜಿ ಸೊಂಟಕ್ಕೆ ಕೈ ಇಟ್ಟಿದ್ದಳಲ್ಲ, ಆ ತೋಳಿಗೂ ಸೊಂಟಕ್ಕೂ ನಡುವಿನ ಸಂದಿಯನ್ನು ಕತ್ತರಿಸುವುದನ್ನು ಷಣ್ಮುಖಣ್ಣ ಮರೆತಿದ್ದ. ಅರಮನೆಯ ನಡುವೆ ಅಂಗೈಯಗಲದ ತ್ರಿಕೋನದಲ್ಲಿ ಬೂದಿ ಬಣ್ಣದ ಕಲ್ಲು, ಕಿತ್ತಳೆ ಪಾಚಿ, ಕಿಂಡಿಯ ಒಂದು ಅಂಚು.

"ಸರ್, ಇದರ ಅಸಲು ಇದೆಯಾ?" ಎಂದಳು.

ಷಣ್ಮುಖಣ್ಣ ಹುಲಿಯಮ್ಮನ ಮುಖ ನೋಡಿದ. ನನ್ನ ಮುಖ ನೋಡಿದ. "ಇಲ್ಲ ಮೇಡಂ. ಡಿಲೀಟ್ ಮಾಡ್ಬಿಟ್ಟೆ" ಎಂದ.

ಶುದ್ಧ ಸುಳ್ಳು. ಮೂವತ್ತು ವರ್ಷದ ಹಿಂದಿನ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟಿರುವ ಆಸಾಮಿ, ಅವನಿಗೆ ಡಿಲೀಟ್ ಮಾಡುವ ಗುಂಡಿ ಎಲ್ಲಿದೆ ಎಂಬುದೇ ಗೊತ್ತಿದೆಯೋ ಇಲ್ಲವೋ. ವಾಪಸಾಗುವ ದಾರಿಯಲ್ಲಿ ಮೊಪೆಡ್ ನಿಲ್ಲಿಸಲು ಹೇಳಿ ಬೈದೆ. ಮೂವತ್ತೈದು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದು ಬಾಗಿಲಿಗೇ ಬಂದಿದೆ, ನಿನ್ನ ಹೆಸರು ಹೋಗಲಿ, ಆ ಹುಡುಗಿಯ ಮುಖವನ್ನಾದರೂ ನೋಡಬಾರದಿತ್ತೇ ಎಂದೆ. ಅವನು ರಸ್ತೆ ಬದಿಯ ಮೋರಿಯ ಮೇಲೆ ಕೂತು ಬೈಗುಳವನ್ನೆಲ್ಲ ಮುಗಿಯಲು ಬಿಟ್ಟ.

"ಯಾರಿಗೂ ತೋರ್ಸಲ್ಲ ಅಂತ ಆಣೆ ಇಟ್ಟಿದೀನಿ ಕಣೋ. ಚೆನ್ನಾಗ್ ಬರ್ದೇ ಇರೋ ಫೋಟೋ ನನ್ ಅಂಗ್ಡಿಯಿಂದ ಆಚೆ ಹೋಗಲ್ಲ ಅನ್ನೋ ಒಂದು ಧೈರ್ಯಕ್ಕೆ ಜನ ನನ್ ಹತ್ರ ಬರಾದು" ಎಂದ.

ನನ್ನ ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಹನ್ನೊಂದು ಸಲ ಕಣ್ಣು ಮುಚ್ಚಿದ್ದೆ. ಆ ಹನ್ನೊಂದನ್ನು ಈವರೆಗೆ ಯಾರೂ ನೋಡಿಲ್ಲ.

ಮೂರು ದಿನ ಅವನ ಮನಸ್ಸು ಕೆಲಸದಲ್ಲಿರಲಿಲ್ಲ. ಬಂದ ಗಿರಾಕಿಗೆ ಕೋಟು ಹಾಕಿಸುವುದನ್ನೂ ಮರೆತ. ಬುಧವಾರ ನನ್ನನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ತೆರೆದ. ತೆಗೆಯುವಾಗ ನೀನೂ ಅಲ್ಲೇ ನಿಂತು ನೋಡಿದವನು, ನಿನಗೆ ತೋರಿಸಿದರೆ ಆಣೆ ಮುರಿದ ಹಾಗಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡ.

ಮಂಜು ಅರ್ಧ ಸರಿದ ಗುಡ್ಡ. ಕಲ್ಲಿನ ಒಂದೊಂದು ಕಲೆಯೂ ಲೆಕ್ಕಕ್ಕೆ ಸಿಗುವ ಹಾಗಿತ್ತು. ಆ ಚಪ್ಪಡಿಯನ್ನು ಹಿಡಿದ ಹುಲಿಯಮ್ಮನ ಕೈ ಚಪ್ಪಡಿಯಷ್ಟೇ ಒರಟಾಗಿತ್ತು. ಹರಿದ ಸ್ವೆಟರು, ಟವೆಲ್ಲು, ಯಾಕಪ್ಪ ಬಂದಿರಿ ಎಂದು ಕೇಳುವ ಕಣ್ಣು. ಮನೆಯ ಯಜಮಾನಿ ಬಾಗಿಲಲ್ಲಿ ಕೂತ ಹಾಗೆ ಕೂತಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಚೆನ್ನಾಗಿದೆ ಷಣ್ಮುಖಣ್ಣ ಎಂದೆ. ಅವನು ಹೌದು ಎಂದ. ಏನೂ ತಿದ್ದಲು ತೋಚಲಿಲ್ಲ ಎಂದೂ ಹೇಳಿದ, ಅದೇನೋ ಕಾಯಿಲೆ ಬಂದವನ ದನಿಯಲ್ಲಿ. ಆಮೇಲೆ ಎದ್ದು ಅಂಗಡಿಯ ಷಟರ್ ಎಳೆದ. ಅವಳನ್ನೇ ಕೇಳೋಣ, ಬೇಡ ಎಂದರೆ ಅವಳ ಮುಂದೆಯೇ ಅಳಿಸಿ ಬರೋಣ ಎಂದ.

ಹುಲಿಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಷಣ್ಮುಖಣ್ಣ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಾಯಿ ಬಿಡಿಸಿದ. ನಾನು ನಿಂತೇ ಇದ್ದೆ. ಅವನು ಒಂದನ್ನೂ ಮುಚ್ಚಿಡದೆ ಹೇಳಿದ: ಮೊಮ್ಮಗಳಿಗೆ ಬೇಕಾಗಿದ್ದದ್ದು ಸುಣ್ಣ ಬಳಿಯದ ಕಲ್ಲು, ನೀಟಾಗಿ ಮಾಡಿಡು ಎಂದದ್ದು ತನ್ನ ಬಾಯಿಚಪಲ, ಹಳೆಯ ಫೋಟೋ ಅಳಿಸಿಲ್ಲ. ಪುಸ್ತಕಕ್ಕೆ ಇರುವುದು ಅದೊಂದೇ.

"ನನ್ ಹೆಸ್ರೂ ಬೀಳ್ತದೆ ಅಂತ ಆಸೆ ಐತೆ ಅಮ್ಮ, ಸುಳ್ಳ್ಯಾಕೆ ಹೇಳ್ಲಿ. ನೀನು ಬ್ಯಾಡ ಅಂದ್ರೆ ಈಗ್ಲೇ ಅಳಿಸ್ತೀನಿ, ಅಂಗಡೀಲಿರೋದನ್ನೂ ಅಳಿಸ್ತೀನಿ" ಎಂದು ಕ್ಯಾಮೆರಾದ ಹಿಂದಿನ ಪರದೆಯನ್ನು ಅವಳ ಮುಂದೆ ಹಿಡಿದ. ಹೆಬ್ಬೆರಳು ಗುಂಡಿಯ ಮೇಲಿತ್ತು. ಗುಂಡಿ ಅದೇನಾ ಎಂದು ನನಗೆ ಅನುಮಾನವಿತ್ತು.

ಹುಲಿಯಮ್ಮ ಕೈ ಒರೆಸಿಕೊಂಡು ನೋಡಿದಳು. ಸ್ವೆಟರ್ ನೋಡಿದಳು. ಹಕ್ಕಿಯ ಗೆರೆ ನೋಡಿದಳು. ನಾಲಗೆಯಲ್ಲಿ ಲೊಚ್ ಎಂದಳು. ಇದನ್ನು ಎಲ್ಲರೂ ನೋಡುತ್ತಾರಾ ಎಂದು ಕೇಳಿದಳು. ಎಲ್ಲ ಊರಿನವರೂ ನೋಡುತ್ತಾರೆ ಎಂದ. ಇನ್ನೊಂದು ಹಿಡಿ ಕಾಯಿ ಬಿಡಿಸಿದಳು.

"ಹಾಕ್ಕಳ್ಳಿ. ಮಗೀನ ಪುಸ್ತಕ. ಆದ್ರೆ ಸುಣ್ಣ ಬಳಿಯಕ್ ಮುಂಚೆ ತೆಗ್ದಿದ್ದು ಅಂತ ಕೆಳಗೆ ಬರೀಬೇಕು. ಇಲ್ದಿದ್ರೆ ನೋಡ್ದೋರು ನನ್ನ ಏನಂದ್ಕಂಡಾರು?"

ಪುಸ್ತಕ ಮಾರ್ಚಿನಲ್ಲಿ ಬಂತು. ಮೊದಲನೆಯ ಅಧ್ಯಾಯದ ಎದುರು ಪುಟದ ತುಂಬ ಆ ಚಿತ್ರ, ಕೆಳಗೆ ಸಣ್ಣಕ್ಷರದಲ್ಲಿ ಮೂರು ಸಾಲು. ಪ್ರಜ್ಞಾ ಅಜ್ಜಿಯ ಮಾತಿನಲ್ಲಿ ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ಷಣ್ಮುಖಣ್ಣ ಒಂದು ವಾರ ಆ ಪುಟವನ್ನು ಹಿಡಿದು ಟೀ ಅಂಗಡಿ, ಸಲೂನು, ಬಸ್ ಸ್ಟ್ಯಾಂಡು ಎಲ್ಲ ಕಡೆ ಮೂರನೆಯ ಸಾಲನ್ನು ಮಾತ್ರ ಓದಿ ಹೇಳಿದ. ನನ್ನಿಂದ ನಲವತ್ತು ಪ್ರತಿ ತೆಗೆಸಿದ. ಕಲ್ಲು ಕಪ್ಪಗೆ ಬಂತೆಂದು, ಇದ್ದ ಹಾಗೇ ತೆಗೀತೀನಿ ಅಂತೀಯಲ್ಲ ಎಂದು ನನ್ನನ್ನೇ ಹಂಗಿಸಿದ. ಕಾಂತಮ್ಮ ಒಂದು ಪ್ರತಿಯನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿ, ಹತ್ತು ಹಳೇ ಪತ್ರಿಕೆಗಳನ್ನು ಕೊನೆಗೂ ರದ್ದಿಗೆ ಹಾಕಿದರು.

ಹುಲಿಯಮ್ಮನಿಗೆ ಪುಸ್ತಕವನ್ನು ತಾನೇ ಕೊಡುತ್ತೇನೆ ಎಂದು ಪ್ರಜ್ಞಾಗೆ ಹೇಳಿ, ನನ್ನನ್ನೂ ಕೂರಿಸಿಕೊಂಡು ಹೋದ. ಅವಳ ಮನೆಯ ಗೋಡೆಯ ಮೇಲೆ ಸುಣ್ಣ ಬಳಿದ ಕಲ್ಮನೆಯ ಮುಂದೆ ಹಸಿರು ಸೀರೆಯಲ್ಲಿ ನಿಂತ ಫೋಟೋ ಇತ್ತು. ಅರಮನೆಯದು ಕಾಣಲಿಲ್ಲ. ಪುಸ್ತಕ ತೆರೆದು ಮಡಿಲಲ್ಲಿಟ್ಟಾಗ ಅವಳು ಚಿತ್ರವನ್ನು ಬೆರಳಿನಲ್ಲಿ ಸವರಿ, ಕೆಳಗೆ ಬರೆದದ್ದನ್ನು ಓದು ಎಂದಳು.

ಷಣ್ಮುಖಣ್ಣ ಕನ್ನಡಕ ಹಾಕಿಕೊಂಡು ಓದಿದ. "ಗುಡ್ಡದ ಕಲ್ಮನೆ, ಸುಣ್ಣ ಬಳಿಯುವ ಮುನ್ನ. ಬಾಗಿಲಲ್ಲಿ ಕುಳಿತವರು ಹುಲಿಯಮ್ಮ, ಮನೆಯನ್ನು ನೋಡಿಕೊಳ್ಳುವವರು."

ಅಲ್ಲಿಗೆ ನಿಲ್ಲಿಸಿದ. ಊರಿಗೆಲ್ಲ ಓದಿ ಹೇಳಿದ ಸಾಲು ಅವಳ ಮುಂದೆ ಅವನ ಬಾಯಿಂದ ಹೊರಡಲಿಲ್ಲ. ನಾಚಿಕೊಂಡಿದ್ದ. ಅವನಿಗೆ ನಾಚಿಕೆ ಎಂಬುದೊಂದಿದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

"ಅಷ್ಟೇನಾ?" ಎಂದಳು ಹುಲಿಯಮ್ಮ.

"ಅಷ್ಟೇ ಕಣಮ್ಮ."

ಅವಳಿಗೆ ಓದು ಬರುವುದಿಲ್ಲ. ಆದರೆ ಸಂಜೆ ಸಂಜೆ ಆಡು ಎಣಿಸಿ ಎಣಿಸಿ ಪಳಗಿದ ಕಣ್ಣು. ಬೆರಳನ್ನು ಕೆಳಗಿನ ಸಾಲಿನ ಮೇಲಿಟ್ಟಳು.

"ಇಲ್ಲಿ ಮೂರು ಸಾಲ್ ಅವೆ. ನೀನು ಎಲ್ಡು ಓದ್ದೆ. ಇದ್ಯಾರ್ದು?"

"ಛಾಯಾಚಿತ್ರ, ಷಣ್ಮುಖಪ್ಪ, ತರೀಕೆರೆ" ಎಂದು ಅವನು ಮೆಲ್ಲಗೆ ಓದಿದ.

"ನಿಂದೇ ಅನ್ನು. ಇನ್ನೊಂದ್ ಸಲ ಓದು, ಕೇಳ್ತೀನಿ."

ಅವನಿಗೆ ಆಗಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದ. ಕೊನೆಗೆ ಪುಸ್ತಕ ನನ್ನ ಕೈಗೆ ಬಂತು. ನಾನು ಮೂರೂ ಸಾಲನ್ನು ಗಟ್ಟಿಯಾಗಿ, ಇದ್ದದ್ದನ್ನು ಇದ್ದ ಹಾಗೇ ಓದಿದೆ.